ಹಳೇ ಗಾರ್ಡನ್ ಟ್ರ್ಯಾಕ್ಟರ್‌ನ ಕೋಹ್ಲರ್ ಎಂಜಿನ್ ರಿಪೇರಿ: ಎಲ್ಲಿಂದ ಶುರು ಮಾಡಬೇಕು, ಹೇಗೆ ಮುಂದುವರಿಯಬೇಕು

ಅಮೆರಿಕದಲ್ಲಿ ಊರಾಚೆ ಒಂದೆರಡು ಎಕರೆ ಜಾಗದ ಮನೆ ತಗೊಂಡವರಿಗೆ ಶೆಡ್ಡಿನ ಮೂಲೆಯಲ್ಲಿ ಹಳೇ ಗಾರ್ಡನ್ ಟ್ರ್ಯಾಕ್ಟರ್ ಸಿಗುವುದು ಅಪರೂಪವೇನಲ್ಲ. ಹಳದಿ-ಬಿಳಿ ಬಣ್ಣದ ಕಬ್ ಕೆಡೆಟ್, ಹಸಿರು ಜಾನ್ ಡಿಯರ್, ಕೆಂಪು ವೀಲ್ ಹಾರ್ಸ್. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ 1961ರಲ್ಲಿ ಮೊದಲ ಕಬ್ ಕೆಡೆಟ್ ತಂದಿತು. 1963ರಲ್ಲಿ ಜಾನ್ ಡಿಯರ್ 110 ಬಂತು. ವೀಲ್ ಹಾರ್ಸ್ ಇಂಡಿಯಾನಾದ ಸೌತ್ ಬೆಂಡ್ ಊರಿನದ್ದು. ಬಣ್ಣ ಬೇರೆ, ಕಂಪನಿ ಬೇರೆ. ಆದರೆ ಬಾನೆಟ್ ಎತ್ತಿದರೆ ಬಹಳಷ್ಟರಲ್ಲಿ ಕೂತಿರುವುದು ಒಂದೇ ಜಾತಿಯ ಎಂಜಿನ್: ವಿಸ್ಕಾನ್ಸಿನ್‌ನ ಕೋಹ್ಲರ್ ಕಂಪನಿಯ ಕೆ-ಸೀರೀಸ್. ಒಂದೇ ಸಿಲಿಂಡರ್, ಗಾಳಿಯಿಂದ ತಂಪಾಗುವಂಥದ್ದು, ವಾಲ್ವ್‌ಗಳು ಹೆಡ್‌ನಲ್ಲಿ ಅಲ್ಲ, ಬ್ಲಾಕ್‌ನಲ್ಲೇ ಇರುತ್ತವೆ. ಬ್ಲಾಕ್ ಗಟ್ಟಿ ಎರಕದ ಕಬ್ಬಿಣ. ಸವೆದರೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬಹುದು. ಈಗಿನ ಅಗ್ಗದ ಲಾನ್ ಟ್ರ್ಯಾಕ್ಟರ್ ಎಂಜಿನ್‌ಗಳಿಗೆ ಅಷ್ಟು ಖರ್ಚು ಮಾಡುವುದು ಸಾಮಾನ್ಯವಾಗಿ ಗಿಟ್ಟುವುದಿಲ್ಲ.

ಇಂಥ ಎಂಜಿನ್ ಸ್ಟಾರ್ಟ್ ಆಗದಿದ್ದರೆ "ಹೋಯ್ತು, ಗುಜರಿಗೆ ಹಾಕಿ" ಅನ್ನುವವರೇ ಜಾಸ್ತಿ. ನಿಜ ಹೇಳಬೇಕೆಂದರೆ, ಹಾಗೆ ಎಸೆಯುವ ಎಂಜಿನ್‌ಗಳಲ್ಲಿ ಎಷ್ಟೋ ಇನ್ನೂ ಗಟ್ಟಿಯಾಗೇ ಇರುತ್ತವೆ. ಕಿಡಿಗಾಗಿ ಕರೆಂಟನ್ನು ಸೇರಿಸಿ ಕತ್ತರಿಸುವ ಕಾಂಟ್ಯಾಕ್ಟ್ ಪಾಯಿಂಟ್ ಕಿಲುಬು ಹಿಡಿದಿರುತ್ತದೆ, ಇಲ್ಲವೇ ಕಾರ್ಬುರೇಟರ್ ಗೋಂದಾಗಿರುತ್ತದೆ, ಅಷ್ಟೇ. ಇನ್ನು ಕೆಲವರು ಇದಕ್ಕೆ ಉಲ್ಟಾ: ಕಾಯಿಲ್, ಕಾರ್ಬುರೇಟರ್, ಸ್ಟಾರ್ಟರ್ ಎಲ್ಲ ಹೊಸದು ತರಿಸಿ ಹಾಕಿ ಮತ್ತೆ ಅಲ್ಲೇ ನಿಲ್ಲುತ್ತಾರೆ. ಮೊದಲು ಅಳೆಯಿರಿ, ಆಮೇಲೆ ಬಿಚ್ಚಿ, ಕೊನೆಗೆ ದುಡ್ಡು ಬಿಚ್ಚಿ. ಈ ಬರಹ ಪೂರ್ತಿ ಅದೇ ಕ್ರಮದಲ್ಲಿದೆ.

ಪ್ಲೇಟ್ ಓದಿ

ಎಂಜಿನ್ ಮೇಲಿನ ತಗಡಿನ ಕವಚಕ್ಕೆ ಒಂದು ಸಣ್ಣ ಪ್ಲೇಟ್ ಇರುತ್ತದೆ. ಅದರಲ್ಲಿ ಮಾಡೆಲ್ ನಂಬರ್, ಸ್ಪೆಕ್ ನಂಬರ್, ಸೀರಿಯಲ್ ನಂಬರ್ ಇರುತ್ತವೆ. ಕೆ181 ಅಂದರೆ 8 ಹಾರ್ಸ್‌ಪವರ್, ಕೆ241 ಅಂದರೆ 10, ಕೆ301 ಅಂದರೆ 12, ಕೆ321 ಅಂದರೆ 14, ಕೆ341 ಅಂದರೆ 16. ಬಿಡಿಭಾಗ ತರಿಸುವಾಗ ಟ್ರ್ಯಾಕ್ಟರ್ ಹೆಸರು ನಂಬಬೇಡಿ. ಐವತ್ತು ವರ್ಷದಲ್ಲಿ ಎಂಜಿನ್ ಬದಲಾಗಿರಬಹುದು. ಕೆಲವು ಸಲ ತಗಡಿನ ಕವಚವೇ ಬೇರೆ ಎಂಜಿನ್‌ನಿಂದ ಬಂದಿರುತ್ತದೆ. ಹಾಗಾಗಿ ಬೋರ್ ಅಳತೆ, ಅಂದರೆ ಸಿಲಿಂಡರಿನ ಒಳವ್ಯಾಸ, ಒಮ್ಮೆ ತಾಳೆ ನೋಡುವುದು ಒಳ್ಳೆಯದು: ಕೆ241ಗೆ 3.25 ಇಂಚು, ಕೆ301ಗೆ 3.375, ಕೆ321ಗೆ 3.5, ಕೆ341ಗೆ 3.75.

ಈ ನಂಬರಿಗೆ ಸರಿಯಾದ ಸರ್ವಿಸ್ ಮ್ಯಾನುಯಲ್ ಇಟ್ಟುಕೊಳ್ಳಿ. ಇಲ್ಲಿ ಕೊಟ್ಟಿರುವ ಅಳತೆಗಳು ಹೆಚ್ಚಿನವು ಕೆ241ರಿಂದ ಕೆ341ವರೆಗಿನ ಎಂಜಿನ್‌ಗಳಿಗೆ.

ಕೀಲಿ ತಿರುಗಿಸುವ ಮುಂಚೆ

ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಮೂಸಿಯೂ ನೋಡಿ. ಪೆಟ್ರೋಲ್ ವಾಸನೆ ಬಂದರೆ, ಇಲ್ಲವೇ ಮಟ್ಟ ಗೆರೆಗಿಂತ ಮೇಲಿದ್ದರೆ, ಕಾರ್ಬುರೇಟರ್‌ನ ಫ್ಲೋಟ್ ನೀಡಲ್ ಸೋರಿಯೋ, ಫ್ಯೂಯಲ್ ಪಂಪ್ ಡಯಾಫ್ರಮ್ ಹರಿದೋ ಪೆಟ್ರೋಲ್ ಒಳಗೆ ಇಳಿದಿದೆ ಎಂದರ್ಥ. ಆ ಆಯಿಲ್ ಬದಲಿಸದೆ ಎಂಜಿನ್ ಓಡಿಸಲೇಬೇಡಿ. ಈ ಎಂಜಿನ್‌ಗಳಲ್ಲಿ ಆಯಿಲ್ ಪಂಪ್ ಇಲ್ಲ. ಕನೆಕ್ಟಿಂಗ್ ರಾಡಿನ ತಳದಲ್ಲಿರುವ ಸಣ್ಣ ನಾಲಗೆ ಸುತ್ತು ಸುತ್ತಿಗೂ ಆಯಿಲ್‌ಗೆ ಬಡಿದು ಚಿಮ್ಮಿಸುತ್ತದೆ. ಅದೊಂದೇ ಲೂಬ್ರಿಕೇಶನ್. ರಾಡ್ ಅಲ್ಯೂಮಿನಿಯಂದು. ಆಯಿಲ್ ಕಮ್ಮಿಯಾದರೂ ತೆಳುವಾದರೂ ಮೊದಲು ಹೋಗುವುದು ಅದೇ.

ಆಮೇಲೆ ತಗಡಿನ ಕವಚ ಬಿಚ್ಚಿ. ಇದನ್ನು ದಯವಿಟ್ಟು ಬಿಡಬೇಡಿ. ಕೂಲಿಂಗ್ ಫಿನ್‌ಗಳ ನಡುವೆ ಒಣಹುಲ್ಲು, ಆಯಿಲ್ ಜಿಡ್ಡು, ಎಷ್ಟೋ ಸಲ ಇಲಿ ಗೂಡೇ ಇರುತ್ತದೆ. ಹೊರಗಿಂದ ಏನೂ ಕಾಣುವುದಿಲ್ಲ. ಹಾಗೇ ಓಡಿಸಿದರೆ ಎಕ್ಸಾಸ್ಟ್ ವಾಲ್ವ್ ಸುಡುತ್ತದೆ, ಹೆಡ್ ಸೊಟ್ಟಗಾಗುತ್ತದೆ. ಮರದ ಕಡ್ಡಿ, ಬ್ರಶ್, ಗಾಳಿ ಸಾಕು.

ಇನ್ನು ಸ್ಪಾರ್ಕ್ ಪ್ಲಗ್ ಬಿಚ್ಚಿ, ಸಿಲಿಂಡರ್ ಒಳಗೆ ಒಂದು ಚಮಚ ಆಯಿಲ್ ಬಿಟ್ಟು, ಫ್ಲೈವೀಲ್ ಅನ್ನು ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಿದರೆ ಮುಂದಕ್ಕೆ ಹೋಗಿ.

ತಿರುಗದಿದ್ದರೆ ಎಂಜಿನ್ ಸೀಸ್ ಆಗಿದೆ. ಸ್ಟಾರ್ಟರ್‌ನಿಂದ ಬಲವಂತ ಮಾಡಬೇಡಿ. ಆಟೋಮ್ಯಾಟಿಕ್ ಟ್ರಾನ್ಸ್‌ಮಿಶನ್ ಆಯಿಲ್ ಮತ್ತು ಅಸಿಟೋನ್ ಸಮ ಸಮ ಬೆರೆಸಿ ಪ್ಲಗ್ ತೂತಿನಿಂದ ಸುರಿದು ಕೆಲವು ದಿನ ಬಿಡಿ. ಅಸಿಟೋನ್ ಬೇಗ ಬೆಂಕಿ ಹಿಡಿಯುತ್ತದೆ, ಗಾಳಿಯಾಡುವ ಜಾಗದಲ್ಲೇ ಮಾಡಿ. ನಂತರ ಫ್ಲೈವೀಲ್ ನಟ್‌ಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪವೇ ಆಡಿಸಿ. ಜಗ್ಗದಿದ್ದರೆ ಹೆಡ್ ಬಿಚ್ಚಿ, ಪಿಸ್ಟನ್ ಮೇಲೆ ಮರದ ತುಂಡಿಟ್ಟು ಮೆಲ್ಲಗೆ ತಟ್ಟಿ. ಫ್ಲೈವೀಲ್ ಫಿನ್‌ಗೆ ಮಾತ್ರ ಸುತ್ತಿಗೆ ತಾಗಿಸಬೇಡಿ, ಮುರಿಯುತ್ತದೆ.

ಸ್ಟಾರ್ಟರ್ ತಿರುಗದಿದ್ದರೆ

ಬ್ಯಾಟರಿ ಚಾರ್ಜ್ ಇದೆಯಾ, ಟರ್ಮಿನಲ್ ಕ್ಲೀನ್ ಇದೆಯಾ ನೋಡಿ. ಆಮೇಲೆ ಅರ್ಥಿಂಗ್. ಇದೇ ಹೆಚ್ಚಿನವರು ಬಿಟ್ಟುಬಿಡುವ ಜಾಗ. ನೆಗೆಟಿವ್ ಕೇಬಲ್ ಚಾಸಿಗೆ ಸೇರುವ ಬೋಲ್ಟ್ ಬಿಚ್ಚಿ, ಬಣ್ಣ ಮತ್ತು ತುಕ್ಕು ಉಜ್ಜಿ ತೆಗೆದು ಮತ್ತೆ ಬಿಗಿಯಿರಿ. ಕ್ಲಚ್ ಅಥವಾ ಬ್ರೇಕ್ ಒತ್ತದೆ ಸ್ಟಾರ್ಟ್ ಆಗದಂತೆ ತಡೆಯುವ ಸೇಫ್ಟಿ ಸ್ವಿಚ್‌ಗಳನ್ನೂ ಮೀಟರ್ ಹಿಡಿದು ನೋಡಿ. ಕೆಟ್ಟಿದ್ದರೆ ಹೊಸದು ಹಾಕಿ. ತಂತಿ ಜೋಡಿಸಿ ಬೈಪಾಸ್ ಮಾಡುವ ಅಭ್ಯಾಸ ಅಪಾಯ. ಕೆಳಗೆ ತಿರುಗುವುದು ಬ್ಲೇಡ್ ಅನ್ನುವುದು ನೆನಪಿರಲಿ.

ಹಳೆಯ ಕಬ್ ಕೆಡೆಟ್, ಜಾನ್ ಡಿಯರ್‌ಗಳಲ್ಲಿ ಸ್ಟಾರ್ಟರ್ ಮತ್ತು ಜನರೇಟರ್ ಎರಡೂ ಒಂದೇ ಡಬ್ಬ, ಬೆಲ್ಟ್‌ನಿಂದ ಎಂಜಿನ್‌ಗೆ ಸೇರಿರುತ್ತದೆ. ಬೆಲ್ಟ್ ಸಡಿಲವಾಗಿದ್ದರೆ ಕಿರ್ರೆಂದು ಜಾರುತ್ತದೆ, ಎಂಜಿನ್ ತಿರುಗುವುದಿಲ್ಲ. ಬೆಲ್ಟ್ ಬಿಗಿ ಮಾಡಿ, ಬ್ರಶ್ ಸವೆದಿದೆಯಾ ನೋಡಿ.

ಎಂಜಿನ್ ಅರ್ಧ ಸುತ್ತು ಬಂದು ತಟ್ಟನೆ ನಿಂತು ಹಿಂದಕ್ಕೆ ಒದೆಯುತ್ತಿದ್ದರೆ ಅದು ಬ್ಯಾಟರಿ ದೋಷ ಆಗಿರಲೇಬೇಕೆಂದಿಲ್ಲ. ಪಾಯಿಂಟ್ ಗ್ಯಾಪ್ ಜಾಸ್ತಿಯಾದರೆ ಕಿಡಿ ಬೇಗ ಬೀಳುತ್ತದೆ, ಆಗ ಹೀಗಾಗುತ್ತದೆ. ಇನ್ನೊಂದು ಕಾರಣ ಎಸಿಆರ್, ಅಂದರೆ ಆಟೋಮ್ಯಾಟಿಕ್ ಕಂಪ್ರೆಷನ್ ರಿಲೀಸ್. ಸ್ಟಾರ್ಟ್ ಮಾಡುವಾಗ ಹೊರೆ ಕಮ್ಮಿಯಾಗಲಿ ಅಂತ ಕ್ಯಾಮ್‌ಶಾಫ್ಟ್‌ನಲ್ಲಿರುವ ಒಂದು ಸಣ್ಣ ಏರ್ಪಾಡು ಎಕ್ಸಾಸ್ಟ್ ವಾಲ್ವನ್ನು ಕೂದಲೆಳೆಯಷ್ಟು ಎತ್ತಿ ಕಂಪ್ರೆಷನ್ ಬಿಡುತ್ತದೆ. ಎಕ್ಸಾಸ್ಟ್ ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಮತ್ತು ಅದನ್ನು ಎತ್ತುವ ಟ್ಯಾಪೆಟ್ ನಡುವಿನ ಸಂದು) ಅತಿಯಾದರೆ ಅದು ವಾಲ್ವನ್ನು ಮುಟ್ಟುವುದೇ ಇಲ್ಲ.

ಕಿಡಿ ಇದೆಯಾ?

ಪ್ಲಗ್ ಬಿಚ್ಚಿ, ತಂತಿಗೆ ಸೇರಿಸಿ, ಅದರ ಮೈಯನ್ನು ಎಂಜಿನ್ ಲೋಹಕ್ಕೆ ತಾಗಿಸಿ ಸ್ಟಾರ್ಟರ್ ತಿರುಗಿಸಿ. ಪ್ಲಗ್ ತೂತಿನಿಂದ ದೂರ ಹಿಡಿಯಿರಿ, ಅಲ್ಲಿಂದ ಪೆಟ್ರೋಲ್ ಆವಿ ಹೊರಬರುತ್ತಿರುತ್ತದೆ. ನೀಲಿ ಬಣ್ಣದ ದಪ್ಪ ಕಿಡಿ ಚಟ್ ಅಂತ ಬಿದ್ದರೆ ಸರಿ. ತೆಳು ಹಳದಿ ಕಿಡಿ ಅಥವಾ ಏನೂ ಇಲ್ಲ ಅಂದರೆ ಮುಂದೆ ಓದಿ.

ಹೆಚ್ಚಿನ ಕೆ-ಸೀರೀಸ್‌ನಲ್ಲಿರುವುದು ಬ್ಯಾಟರಿ ಇಗ್ನಿಶನ್. ನಮ್ಮೂರಲ್ಲಿ ರಾಜದೂತ್, ಹಳೇ ಬಜಾಜ್ ಸ್ಕೂಟರ್ ಬಿಚ್ಚಿ ಗೊತ್ತಿರುವವರಿಗೆ ಸಿಬಿ ಪಾಯಿಂಟ್, ಕಂಡೆನ್ಸರ್ ಹೊಸದಲ್ಲ. ಇಲ್ಲಿ ಕ್ಯಾಮ್‌ನಿಂದ ಬರುವ ಒಂದು ಸಣ್ಣ ಪುಶ್‌ರಾಡ್ ಪಾಯಿಂಟನ್ನು ತೆರೆಯುತ್ತದೆ, ಪಾಯಿಂಟ್ ಬಾಕ್ಸ್ ಬ್ಲಾಕ್‌ನ ಪಕ್ಕದಲ್ಲೇ ಇದೆ. ಫ್ಲೈವೀಲ್ ಬಿಚ್ಚುವ ಗೋಜಿಲ್ಲ.

ಮಲ್ಟಿಮೀಟರ್ ವೋಲ್ಟಿಗೆ ಇಟ್ಟು, ಕಪ್ಪು ತಂತಿ ಎಂಜಿನ್‌ಗೆ, ಕೆಂಪು ತಂತಿ ಕಾಯಿಲ್‌ನ ಪಾಸಿಟಿವ್‌ಗೆ. ಕೀಲಿ ಆನ್ ಮಾಡಿದಾಗ ಹೆಚ್ಚುಕಮ್ಮಿ ಬ್ಯಾಟರಿಯಷ್ಟೇ ವೋಲ್ಟ್ ಬರಬೇಕು. ಬರದಿದ್ದರೆ ಸ್ವಿಚ್, ಫ್ಯೂಸ್, ಸೇಫ್ಟಿ ಸ್ವಿಚ್, ವೈರಿಂಗ್ ನೋಡಿ. ಬಂದರೆ ಕೆಂಪು ತಂತಿಯನ್ನು ಕಾಯಿಲ್‌ನ ನೆಗೆಟಿವ್‌ಗೆ ಹಿಡಿದು, ಪ್ಲಗ್ ಹೊರಗಿರುವಾಗಲೇ ಫ್ಲೈವೀಲ್ ಅನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ. ಪಾಯಿಂಟ್ ಮುಚ್ಚಿದಾಗ ಸೊನ್ನೆ, ತೆರೆದಾಗ 12. ಹೀಗೆ ಬದಲಾಗುತ್ತಿರಬೇಕು. ಯಾವಾಗಲೂ 12 ಇದ್ದರೆ ಪಾಯಿಂಟ್ ಕಿಲುಬು ಹಿಡಿದಿದೆ ಅಥವಾ ಮುಚ್ಚುತ್ತಲೇ ಇಲ್ಲ. ಯಾವಾಗಲೂ ಸೊನ್ನೆ ಇದ್ದರೆ ಪಾಯಿಂಟ್ ತೆರೆಯುತ್ತಿಲ್ಲ, ಇಲ್ಲವೇ ಕಂಡೆನ್ಸರ್ ಶಾರ್ಟ್ ಆಗಿದೆ, ಇಲ್ಲವೇ ತಂತಿ ಎಲ್ಲೋ ಲೋಹಕ್ಕೆ ತಾಗಿದೆ. ಒಂದು ಬಿಡಿಭಾಗವನ್ನೂ ಕೊಳ್ಳದೆ ದೋಷ ಎಲ್ಲಿದೆ ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಮೀಟರ್ ಸರಿಯಾಗಿ ಬದಲಾಗುತ್ತಿದ್ದು ಕಿಡಿ ಇಲ್ಲ ಅಂದರೆ ಮಾತ್ರ ಕಂಡೆನ್ಸರ್, ಕಾಯಿಲ್ ಮತ್ತು ಪ್ಲಗ್ ತಂತಿ ಬದಲಿಸುವ ಮಾತು.

ಕಿಲುಬು ಹಿಡಿದ ಪಾಯಿಂಟ್‌ಗೆ ಸಣ್ಣ ಪಾಯಿಂಟ್ ಫೈಲ್ ಆಡಿಸಿ, ಆಮೇಲೆ ಥಿನ್ನರ್‌ನಲ್ಲಿ ಅದ್ದಿದ ದಪ್ಪ ಕಾಗದವನ್ನು ನಡುವೆ ಎಳೆಯಿರಿ. ಕಾಗದಕ್ಕೆ ಕಪ್ಪು ಹತ್ತುವುದು ನಿಲ್ಲುವವರೆಗೂ ಎಳೆಯಿರಿ. ಫೈಲಿನ ಪುಡಿ, ಬೆರಳಿನ ಜಿಡ್ಡು ಉಳಿದರೂ ಕರೆಂಟ್ ಹಾಯುವುದಿಲ್ಲ. ಗ್ಯಾಪ್ 0.020 ಇಂಚು, ಅಂದರೆ ಅರ್ಧ ಮಿಲಿಮೀಟರ್. ಪ್ಲಗ್ ಗ್ಯಾಪ್ ಬ್ಯಾಟರಿ ಇಗ್ನಿಶನ್‌ಗೆ 0.035 ಇಂಚು, ಬ್ಯಾಟರಿ ಇಲ್ಲದೆ ತಾನೇ ಕಿಡಿ ಹುಟ್ಟಿಸುವ ಮ್ಯಾಗ್ನೆಟೋಗೆ 0.025.

ಫೀಲರ್ ಗೇಜ್‌ನಿಂದ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟ ಗ್ಯಾಪ್ ಬರೀ ಆರಂಭ. ನಿಜವಾದ ಟೈಮಿಂಗ್ ಫ್ಲೈವೀಲ್ ಮೇಲೆ ಕೆತ್ತಿದ 'ಎಸ್' ಗುರುತಿನಲ್ಲಿದೆ. ಅದು ಪಿಸ್ಟನ್ ತುದಿಗೆ ಬರುವ 20 ಡಿಗ್ರಿ ಮುಂಚಿನ ಜಾಗ, 'ಟಿ' ಅಂದರೆ ಪಿಸ್ಟನ್ ತುದಿಯಲ್ಲಿದೆ ಎಂದು. ಕೀಲಿ ಆಫ್ ಮಾಡಿ, ಪಾಯಿಂಟ್ ತಂತಿಯನ್ನು ಕಾಯಿಲ್‌ನಿಂದ ಬಿಡಿಸಿ, ಮೀಟರನ್ನು ಬೀಪ್ ಆಗುವಂತೆ ಇಟ್ಟು, ಒಂದು ತುದಿ ಆ ತಂತಿಗೆ, ಇನ್ನೊಂದು ಎಂಜಿನ್‌ಗೆ. ಫ್ಲೈವೀಲನ್ನು ಅದು ಓಡುವ ದಿಕ್ಕಿಗೇ ತಿರುಗಿಸುತ್ತ ಬನ್ನಿ. ಗುರುತು ನೋಡುವ ಕಿಂಡಿಯಲ್ಲಿ 'ಎಸ್' ಗುರುತು ನಡುವಿಗೆ ಬಂದ ಕ್ಷಣವೇ ಬೀಪ್ ನಿಲ್ಲಬೇಕು. ಮುಂಚೆಯೇ ನಿಂತರೆ ಗ್ಯಾಪ್ ಸ್ವಲ್ಪ ಕಮ್ಮಿ ಮಾಡಿ, ತಡವಾದರೆ ಹೆಚ್ಚಿಸಿ. ಹೀಗೆ ಇಟ್ಟ ಎಂಜಿನ್ ಸ್ಟಾರ್ಟ್ ಆಗುವ ರೀತಿಯೇ ಬೇರೆ.

ಒಂದು ಎಚ್ಚರಿಕೆ. ನಿಮ್ಮ ಎಂಜಿನ್‌ನಲ್ಲಿ ಮ್ಯಾಗ್ನೆಟೋ ಇದ್ದರೆ ಅದರ ಕಿಲ್ ತಂತಿಗೆ (ಎಂಜಿನ್ ನಿಲ್ಲಿಸುವ ತಂತಿ) 12 ವೋಲ್ಟ್ ಕೊಡಬೇಡಿ. ಬ್ಯಾಟರಿ ಇಗ್ನಿಶನ್ ನಿಲ್ಲಿಸುವುದು ಕರೆಂಟ್ ಕತ್ತರಿಸಿ, ಮ್ಯಾಗ್ನೆಟೋ ನಿಲ್ಲಿಸುವುದು ಅರ್ಥ್ ಮಾಡಿ. ಸ್ವಿಚ್ ಅದಲುಬದಲಾದರೆ ಮ್ಯಾಗ್ನೆಟೋ ಸುಟ್ಟುಹೋಗುತ್ತದೆ.

ಪೆಟ್ರೋಲ್ ತಲುಪುತ್ತಿದೆಯಾ?

ಕಿಡಿ ಇದ್ದೂ ಸ್ಟಾರ್ಟ್ ಆಗದಿದ್ದರೆ ಸಿಲಿಂಡರ್ ಒಳಗೆ ಅರ್ಧ ಚಮಚ ಪೆಟ್ರೋಲ್ ಬಿಟ್ಟು, ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಎರಡು ಮೂರು ಸಲ ಢಬಢಬ ಅಂದು ನಿಂತರೆ ದೋಷ ಪೆಟ್ರೋಲ್ ಕಡೆ. ಅಮೆರಿಕದ ಸಾಮಾನ್ಯ ಪೆಟ್ರೋಲ್‌ನಲ್ಲಿ 10 ಶೇಕಡಾ ಎಥನಾಲ್ ಇರುತ್ತದೆ. ಅದು ನೀರು ಹೀರುತ್ತದೆ, ಹಳೇ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ. ಟ್ಯಾಂಕಿನಲ್ಲಿ ವಾರ್ನಿಶ್ ವಾಸನೆ ಬಂದರೆ ಎಲ್ಲ ಖಾಲಿ ಮಾಡಿ, ಪೈಪ್ ಮತ್ತು ಫಿಲ್ಟರ್ ಹೊಸದು ಹಾಕಿ.

ಕಾರ್ಬುರೇಟರ್ ಬಿಚ್ಚುವ ಮುನ್ನ ಪೆಟ್ರೋಲ್ ಹೊಂದಿಸುವ ಎರಡೂ ನೀಡಲ್‌ಗಳು (ಮೇನ್ ಮತ್ತು ಐಡಲ್) ಎಷ್ಟು ಸುತ್ತು ತೆರೆದಿವೆ ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ಒಳಗೆ ಜೇನಿನ ಬಣ್ಣದ ಗೋಂದು ಅಂಟಿರುತ್ತದೆ. ಕ್ಲೀನರ್‌ನಲ್ಲಿ ನೆನೆಸಿ, ಗಾಳಿ ಹೊಡೆಯಿರಿ. ಸಣ್ಣ ತೂತುಗಳಿಗೆ ಉಕ್ಕಿನ ತಂತಿ ಹಾಕಬೇಡಿ, ವಿದ್ಯುತ್ ವೈರಿನಿಂದ ಎಳೆದ ಒಂದೇ ಒಂದು ತಾಮ್ರದ ಎಳೆ ಸಾಕು. ಥ್ರಾಟಲ್ ಪಟ್ಟಿಯ ಪಕ್ಕದ ಐಡಲ್ ತೂತುಗಳನ್ನು ಮರೆಯಬೇಡಿ. ಒಂದು ಕಡೆಯಿಂದ ಸ್ಪ್ರೇ ಬಿಟ್ಟರೆ ಇನ್ನೊಂದು ಕಡೆ ನೇರ ಧಾರೆ ಬರಬೇಕು. ಕಣ್ಣಿಗೆ ಕನ್ನಡಕ ಇರಲಿ.

ಮತ್ತೆ ಜೋಡಿಸಿದ ಮೇಲೆ ನೀಡಲ್‌ಗಳನ್ನು ಬೆರಳಲ್ಲೇ ಮೆತ್ತಗೆ ಮುಚ್ಚಿ. ಬಿಗಿದರೆ ತುದಿ ಹಾಳು. ಆಮೇಲೆ ಮೇನ್ ನೀಡಲ್ ಸುಮಾರು 2 ಸುತ್ತು, ಐಡಲ್ ನೀಡಲ್ ಸುಮಾರು ಒಂದೂಕಾಲು ಸುತ್ತು ತೆರೆದು ಸ್ಟಾರ್ಟ್ ಮಾಡಿ. ಎಂಜಿನ್ ಬಿಸಿಯಾದ ಮೇಲೆ ಸೂಕ್ಷ್ಮವಾಗಿ ಹೊಂದಿಸಿ. ಲೋಡ್ ಬಿದ್ದಾಗ ಮಿಸ್ ಹೊಡೆದು ಕುಸಿದರೆ ಪೆಟ್ರೋಲ್ ಕಮ್ಮಿ, ಕಪ್ಪು ಹೊಗೆ ಬಂದರೆ ಜಾಸ್ತಿ.

ಸಂತೆಯಲ್ಲಿ ಸಿಗುವ ಅಗ್ಗದ ಹೊಸ ಕಾರ್ಬುರೇಟರ್‌ಗಿಂತ ಹಳೇ ಕಾರ್ಟರ್ ಅಥವಾ ಕೋಹ್ಲರ್ ಕಾರ್ಬುರೇಟರನ್ನೇ ಸರಿಮಾಡಿಕೊಳ್ಳುವುದು ಎಷ್ಟೋ ಮೇಲು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಅದು ಗಟ್ಟಿ ಎರಕದ್ದು, ಎರಡೂ ನೀಡಲ್ ಹೊಂದಿಸಬಹುದು.

ಕಂಪ್ರೆಷನ್

ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಗೇಜ್ ಹಾಕಿ ಸ್ಟಾರ್ಟರ್ ತಿರುಗಿಸುತ್ತಾರೆ, ಮುಳ್ಳು ಕೆಳಗೇ ನಿಲ್ಲುತ್ತದೆ, ರಿಂಗ್ ಹೋಯ್ತು ಅಂತ ಎಂಜಿನ್ ಇಳಿಸುತ್ತಾರೆ. ಆದರೆ ಎಸಿಆರ್ ಇರುವುದೇ ಆ ವೇಗದಲ್ಲಿ ಕಂಪ್ರೆಷನ್ ಬಿಡುವುದಕ್ಕೆ, ಅಲ್ವಾ? ಆ ಅಳತೆಗೆ ಅರ್ಥವಿಲ್ಲ.

ಸರಿಯಾದ ದಾರಿ ಲೀಕ್‌ಡೌನ್ ಪರೀಕ್ಷೆ. ಎರಡೂ ವಾಲ್ವ್ ಮುಚ್ಚಿರುವಂತೆ ಕಂಪ್ರೆಷನ್ ಸ್ಟ್ರೋಕ್‌ನಲ್ಲಿ ಪಿಸ್ಟನ್ ತುದಿಗೆ ತಂದು, ಕ್ರ್ಯಾಂಕ್ ತಿರುಗದಂತೆ ಗಟ್ಟಿಯಾಗಿ ಹಿಡಿದಿಡುವ ವ್ಯವಸ್ಥೆ ಮಾಡಿ. ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿಯನ್ನು ನಿಧಾನಕ್ಕೆ ಏರಿಸಿ. ಈಗ ಕಿವಿಗೊಟ್ಟು ಕೇಳಿ. ಕಾರ್ಬುರೇಟರ್‌ನಲ್ಲಿ ಸುಯ್ ಅಂದರೆ ಇನ್‌ಟೇಕ್ ವಾಲ್ವ್. ಸೈಲೆನ್ಸರ್‌ನಲ್ಲಿ ಅಂದರೆ ಎಕ್ಸಾಸ್ಟ್ ವಾಲ್ವ್. ಡಿಪ್‌ಸ್ಟಿಕ್ ಕೊಳವೆಯಲ್ಲಿ ಜೋರಾಗಿ ಬಂದರೆ ರಿಂಗ್ ಮತ್ತು ಬೋರ್. ಹೆಡ್ ಅಂಚಿಗೆ ಸೋಪುನೀರು ಹಚ್ಚಿದಾಗ ಗುಳ್ಳೆ ಎದ್ದರೆ ಗ್ಯಾಸ್ಕೆಟ್. ರಿಂಗ್ ಕಡೆಯಿಂದ ಸ್ವಲ್ಪ ಗಾಳಿ ಯಾವಾಗಲೂ ಬರುತ್ತದೆ, ಗಾಬರಿ ಬೇಡ.

ಬಹಳ ದಿನ ನಿಂತ ಎಂಜಿನ್‌ನಲ್ಲಿ ವಾಲ್ವ್ ತೆರೆದ ಜಾಗದಲ್ಲೇ ಅಂಟಿಕೊಂಡಿರುವುದು ಮಾಮೂಲು. ಹೆಡ್ ಬಿಚ್ಚಿ ಫ್ಲೈವೀಲ್ ತಿರುಗಿಸಿದರೆ ಕಣ್ಣಿಗೇ ಕಾಣುತ್ತದೆ.

ಹೆಡ್ ಮತ್ತು ವಾಲ್ವ್

ಹೆಡ್ ಬಿಚ್ಚುವುದು ಈ ಎಂಜಿನ್‌ನಲ್ಲಿ ಸುಲಭದ ಕೆಲಸ, ಒಂದು ಸಂಜೆಯದ್ದು. ಕಾರ್ಬನ್ ಅನ್ನು ಮರದ ಅಥವಾ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ. ಹೆಡ್ ಅನ್ನು ದಪ್ಪ ಗಾಜಿನ ಮೇಲೆ ಮಗುಚಿಟ್ಟು ಅಂಚಿಗೆ 0.003 ಇಂಚಿನ ಫೀಲರ್ ತೂರುತ್ತದಾ ನೋಡಿ. ತೂರಿದರೆ ಹೆಡ್ ಸೊಟ್ಟಗಾಗಿದೆ. ಹೊಸದು ಹಾಕಿ, ಇಲ್ಲವೇ ವರ್ಕ್‌ಶಾಪ್‌ನಲ್ಲಿ ಮಟ್ಟ ಮಾಡಿಸಿ.

ವಾಲ್ವ್ ಸೀಟ್ ಮೇಲೆ ಸಣ್ಣ ಕಲೆಗಳಿದ್ದರೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಉಜ್ಜಿ. ಸುತ್ತಲೂ ಒಂದೇ ಅಗಲದ ಮಾಸಲು ಬೂದು ಪಟ್ಟಿ ಬಂದರೆ ಸಾಕು. ಪೇಸ್ಟ್ ಒಂದು ಕಣವೂ ಉಳಿಯದಂತೆ ತೊಳೆಯಿರಿ. ಎಂಜಿನ್ ತಣ್ಣಗಿರುವಾಗ ಇನ್‌ಟೇಕ್ ಕ್ಲಿಯರೆನ್ಸ್ 0.008ರಿಂದ 0.010 ಇಂಚು, ಎಕ್ಸಾಸ್ಟ್ 0.017ರಿಂದ 0.019. ಬ್ರೀದರ್ (ಎಂಜಿನ್ ಒಳಗಿನ ಒತ್ತಡ ಹೊರಬಿಡುವ ಭಾಗ) ಮುಚ್ಚಳದ ಹಿಂದೆ ಟ್ಯಾಪೆಟ್ ಸಿಗುತ್ತದೆ. ಗ್ಯಾಸ್ಕೆಟ್ ಹೊಸದೇ ಇರಲಿ. ಬೋಲ್ಟ್‌ಗಳನ್ನು ಮ್ಯಾನುಯಲ್‌ನಲ್ಲಿ ಕೊಟ್ಟ ಕ್ರಮದಲ್ಲಿ, ಎರಡು ಮೂರು ಹಂತದಲ್ಲಿ, ಟಾರ್ಕ್ ರೆಂಚ್‌ನಿಂದಲೇ ಬಿಗಿಯಿರಿ.

ಓಡುವಾಗಿನ ತೊಂದರೆಗಳು

ವೇಗ ಏರಿ ಇಳಿದು ಏರಿ ಇಳಿದು ಮಾಡುತ್ತಿದ್ದರೆ ಜನ ವೇಗವನ್ನು ಒಂದೇ ಮಟ್ಟಕ್ಕೆ ಹಿಡಿದಿಡುವ ಗವರ್ನರ್‌ಗೆ ಕೈಹಾಕುತ್ತಾರೆ. ಬಹಳ ಸಲ ತಪ್ಪು ಗವರ್ನರ್‌ದಲ್ಲ. ಎಂಜಿನ್‌ಗೆ ಪೆಟ್ರೋಲ್ ಸಾಲದೆ ಹಾಗಾಗುತ್ತದೆ. ಚೋಕ್ ಸ್ವಲ್ಪ ಎಳೆದಾಗ ಶಾಂತವಾದರೆ ಕಾರಣ ಅದೇ. ಥ್ರಾಟಲ್ ಶಾಫ್ಟ್ ಸವೆದು ಅಲ್ಲಿಂದ ಗಾಳಿ ಎಳೆಯುತ್ತಿರಬಹುದು. ಶಾಫ್ಟ್‌ಗೆ ಒಂದು ಹನಿ ಆಯಿಲ್ ಬಿಡಿ, ಆ ಕ್ಷಣಕ್ಕೆ ಓಟ ಬದಲಾದರೆ ಬುಶ್ ಹಾಕಿಸಬೇಕು. ಗವರ್ನರ್ ಸ್ಪ್ರಿಂಗ್ ಎಳೆದು ವೇಗ ಹೆಚ್ಚಿಸುವ ಚಾಳಿ ಮಾತ್ರ ಬೇಡ. ಗರಿಷ್ಠ 3600 ಆರ್‌ಪಿಎಂ. ಅದನ್ನು ಮೀರಿದರೆ ಅಲ್ಯೂಮಿನಿಯಂ ರಾಡ್ ಮುರಿದು ಬ್ಲಾಕ್ ಒಡೆದು ಹೊರಬರುತ್ತದೆ.

ಅರ್ಧ ಗಂಟೆ ಓಡಿ ನಿಲ್ಲುತ್ತದೆ, ತಣ್ಣಗಾದರೆ ಮತ್ತೆ ಸ್ಟಾರ್ಟ್ ಆಗುತ್ತದೆ ಅಂದರೆ, ನಿಂತ ತಕ್ಷಣ ಕಿಡಿ ನೋಡಿ. ಇಲ್ಲದಿದ್ದರೆ ಬಿಸಿಗೆ ಕಾಯಿಲ್ ಅಥವಾ ಕಂಡೆನ್ಸರ್ ಕೈಕೊಡುತ್ತಿದೆ. ಕಿಡಿ ಇದ್ದರೆ ಟ್ಯಾಂಕ್ ಮುಚ್ಚಳ ಸಡಿಲಿಸಿ. ಅದರ ಗಾಳಿ ತೂತು ಕಟ್ಟಿಕೊಂಡರೂ ಹೀಗೇ ಆಗುತ್ತದೆ.

ಆಯಿಲ್ ಸೀಲ್‌ಗಳಿಂದ ಸೋರಿಕೆ ಕಂಡರೆ ಸೀಲ್ ಬದಲಿಸುವ ಮೊದಲು ಬ್ರೀದರ್ ಬಿಚ್ಚಿ ತೊಳೆಯಿರಿ. ಅದು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ ಆಯಿಲ್ ಸಿಕ್ಕಸಿಕ್ಕಲ್ಲಿ ಹೊರಬರುತ್ತದೆ. ನೀಲಿ ಹೊಗೆಗೂ ಅದು ಕಾರಣ ಆಗಬಹುದು. ಬ್ರೀದರ್ ಸರಿಯಿದ್ದು, ಆಯಿಲ್ ಮಟ್ಟವೂ ಸರಿಯಿದ್ದು ನೀಲಿ ಹೊಗೆ ಬಂದರೆ ರಿಂಗ್ ಅಥವಾ ವಾಲ್ವ್ ಗೈಡ್.

ಟಕ್ ಟಕ್ ಅಂತ ಒಳಗಿಂದ ಗಟ್ಟಿ ಶಬ್ದ ಬಂದರೆ ಆ ಕ್ಷಣವೇ ಆಫ್ ಮಾಡಿ. ಹೆಡ್ ಬಿಚ್ಚಿ, ಪಿಸ್ಟನ್ ಮೇಲೆ ಬೆರಳಿಟ್ಟು, ಫ್ಲೈವೀಲನ್ನು ಆಚೀಚೆ ಸ್ವಲ್ಪ ಆಡಿಸಿ. ಫ್ಲೈವೀಲ್ ಅಲ್ಲಾಡಿದರೂ ಪಿಸ್ಟನ್ ಕದಲದಿದ್ದರೆ ರಾಡ್ ಸಡಿಲವಾಗಿದೆ. ಎಂಜಿನ್ ಇಳಿಸಲೇಬೇಕು.

ಕೆಳಗಿನ ಭಾಗ ಬಿಚ್ಚಿದಾಗ

ಇಲ್ಲಿ ಮೈಕ್ರೋಮೀಟರ್ ಇಲ್ಲದೆ ಕೆಲಸ ಬೇಡ. ಕನೆಕ್ಟಿಂಗ್ ರಾಡ್ ಕೂರುವ ಕ್ರ್ಯಾಂಕ್‌ಪಿನ್ ಹೊಸದರಲ್ಲಿ 1.500 ಇಂಚು. ನಾಲ್ಕು ದಿಕ್ಕಿನಲ್ಲಿ ಅಳೆದು ದುಂಡಗಿದೆಯಾ ನೋಡಿ. ಸವೆದ ಪಿನ್‌ಗೆ ಹೊಸ ರಾಡ್ ಹಾಕಿದರೆ ಆ ರಾಡೂ ಬೇಗ ಹೋಗುತ್ತದೆ. ಗ್ರೈಂಡ್ ಮಾಡಿಸಿ 0.010 ಅಂಡರ್‌ಸೈಜ್ ರಾಡ್ ಹಾಕಬಹುದು. ರಾಡ್ ಮತ್ತು ಕ್ಯಾಪ್ ಮೇಲಿನ ಗುರುತುಗಳು ಎದುರುಬದುರು ಸೇರಬೇಕು. ಬೋಲ್ಟ್ ನಮೂನೆ ಬದಲಾದಂತೆ ಟಾರ್ಕ್ ಬದಲಾಗುತ್ತದೆ, ಊಹೆ ಬೇಡ.

ದೊಡ್ಡ ಮಾಡೆಲ್‌ಗಳಲ್ಲಿ ಕಂಪನ ತಗ್ಗಿಸಲು ಬ್ಯಾಲೆನ್ಸ್ ಗೇರ್‌ಗಳಿರಬಹುದು. ಅವು ಹಳೆಯದಾಗಿ ಒಡೆದರೆ ಬ್ಲಾಕನ್ನೇ ಹಾಳು ಮಾಡುತ್ತವೆ. ಹಾಗಾಗಿ ಬಿಚ್ಚಿದಾಗ ತೆಗೆದೇ ಬಿಡುವವರು ಬಹಳ. ನಾನೂ ಅದೇ ಪಕ್ಷ. ಕಂಪನ ತುಸು ಹೆಚ್ಚಾಗುತ್ತದೆ, ಎಂಜಿನ್ ಉಳಿಯುತ್ತದೆ. ಉಳಿಸಿಕೊಳ್ಳುವುದಾದರೆ ಕ್ರ್ಯಾಂಕ್ ಜೊತೆ ಅವುಗಳ ಟೈಮಿಂಗ್ ಕರಾರುವಾಕ್ಕಾಗಿ ಕೂರಿಸಬೇಕು.

ಬಿಡಿಭಾಗಕ್ಕೆ ಹಳೇ ಸರಕು ಹುಡುಕುವವರು ಆಗಸ್ಟ್‌ನಲ್ಲಿ ಇಂಡಿಯಾನಾದ ಪೋರ್ಟ್‌ಲ್ಯಾಂಡ್‌ನಲ್ಲಿ ನಡೆಯುವ ಹಳೇ ಎಂಜಿನ್, ಟ್ರ್ಯಾಕ್ಟರ್ ಜಾತ್ರೆಗೆ ಒಮ್ಮೆ ಹೋಗಿಬನ್ನಿ.

ಜೋಡಿಸಿದ ಮೇಲೆ ಎಸ್‌ಎಇ 30 ಆಯಿಲ್ ಗೆರೆ ಮುಟ್ಟುವಷ್ಟು ತುಂಬಿ. ತಗಡಿನ ಕವಚ ಹಾಕದೆ ಓಡಿಸಬೇಡಿ, ಗಾಳಿ ಫಿನ್‌ಗಳ ಮೇಲೆ ಹಾಯುವುದೇ ಅದರಿಂದ. ಮೊದಲು ಸ್ವಲ್ಪ ಹೊತ್ತು ಹೊರೆಯಿಲ್ಲದೆ ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ಹೆಡ್ ಬೋಲ್ಟ್‌ಗಳ ಟಾರ್ಕ್ ಮತ್ತೆ ನೋಡಿ. ಮೊದಲ 5 ಗಂಟೆ ಓಟಕ್ಕೆ ಆಯಿಲ್ ಬದಲಿಸಿ, ಆಮೇಲೆ ಪ್ರತಿ 25 ಗಂಟೆಗೊಮ್ಮೆ. ಹುಲ್ಲು ಕತ್ತರಿಸುವ ಕಾಲದಲ್ಲಿ ಪ್ರತಿ ಸಲ ಗಾಡಿ ತೆಗೆಯುವ ಮುಂಚೆ ಡಿಪ್‌ಸ್ಟಿಕ್ ನೋಡಿ, ಫ್ಲೈವೀಲ್ ಮುಂದಿನ ಜಾಲರಿಗೆ ಅಂಟಿದ ಹುಲ್ಲು ಉಜ್ಜಿ ತೆಗೆಯಿರಿ.